ಅರವತ್ತಮೂರನೇ ಬೀದಿಯ ಸಾವಯವ ಅಂಗಡಿ

ಹೋದ ತಿಂಗಳು ನಮ್ಮ ತಾಲ್ಲೂಕಿನ ಸಾವಯವ ಬೆಳೆಗಾರರ ಸಭೆಗೆ ವರದಿ ಮಾಡಲು ಹೋಗಿದ್ದೆ. ಸಭೆ ಅಂದರೆ ದೊಡ್ಡದೇನಲ್ಲ. ಹಾಲಿನ ಡೈರಿಯ ಹಿಂದಿನ ಕೋಣೆಯಲ್ಲಿ ಇಪ್ಪತ್ತು ಜನ, ಎರಡು ಬೆಂಚು, ಒಂದು ಫ್ಲಾಸ್ಕ್ ಟೀ. ತುಮಕೂರಿನಲ್ಲಿ ಒಂದು ಮಳಿಗೆ ಹಾಕಬೇಕು, ರಾಗಿ, ತೊಗರಿ, ಬೆಲ್ಲ, ಗಾಣದ ಎಣ್ಣೆ, ತರಕಾರಿ ನೇರವಾಗಿ ಮಾರಬೇಕು ಅನ್ನುವುದು ವಿಷಯ. ಅಲ್ಲಿವರೆಗೆ ಎಲ್ಲರೂ ಒಪ್ಪಿದರು. ಯಾವ ಏರಿಯಾದಲ್ಲಿ ಹಾಕಬೇಕು ಅಂದ ಕೂಡಲೇ ಜಗಳ ಶುರುವಾಯಿತು.

'ಎಸ್.ಎಸ್. ಪುರಂ ಕಡೆ ಹಾಕೋಣ, ಅಲ್ಲಿ ಡಾಕ್ಟ್ರುಗಳು, ಎಂಜಿನಿಯರುಗಳು ಇದಾರೆ' ಅಂದರು ಒಬ್ಬ ಹಿರಿಯರು. ಹಿಂದೆ ಗೋಡೆಗೆ ಒರಗಿ ಕೂತಿದ್ದ ಒಬ್ಬ ಅಕ್ಕ, 'ನಮ್ಮ ಮಗಳು ಗಾರ್ಮೆಂಟ್ಸ್‌ಗೆ ಹೋಗ್ತಾಳಲ್ಲ, ಅವಳಿರೋ ಕಡೆ ಯಾಕೆ ಬೇಡ? ಅವರೂ ಉಣ್ಣೋದಿಲ್ವಾ?' ಅಂತ ಕೇಳಿದರು. 'ಅಲ್ಲಿ ಯಾರು ತಗೊಳ್ತಾರಮ್ಮಾ, ಐದು ರೂಪಾಯಿ ಎಲ್ಲಿ ಕಮ್ಮಿಯೋ ಅಲ್ಲಿಗೆ ಓಡ್ತಾರೆ' ಅಂದರು ಹಿರಿಯರು. ಅಕ್ಕ ಸುಮ್ಮನಾದರು. ನನ್ನ ವರದಿ ಮಾರನೇ ದಿನ ಮೂರು ಸಾಲಿನಲ್ಲಿ ಬಂತು. ಅದರಲ್ಲಿ ಈ ಮಾತು ಇರಲಿಲ್ಲ.

ಆದರೆ ಆ ಅಕ್ಕನ ಪ್ರಶ್ನೆ ತಲೆಯಲ್ಲೇ ಉಳಿಯಿತು. ಬಡವರ ಬಡಾವಣೆಯಲ್ಲಿ ದುಬಾರಿ ಸಾವಯವ ಅಂಗಡಿ ನಡೆಯುತ್ತದೋ ಇಲ್ಲವೋ ಅನ್ನುವುದನ್ನು ಕೋಟಿಗಟ್ಟಲೆ ಹಣ ಸುರಿದು, ದೇಶವೆಲ್ಲ ನೋಡುವಂತೆ ಪರೀಕ್ಷೆ ಮಾಡಿದ ಒಂದು ಊರು ಇದೆ. ಅಮೆರಿಕದ ಷಿಕಾಗೋ. ಆ ನಗರದ ದಕ್ಷಿಣ ಭಾಗದ ಎಂಗಲ್‌ವುಡ್ ಬಡಾವಣೆ. 63ನೇ ಬೀದಿಯೂ ಹಾಲ್‌ಸ್ಟೆಡ್ ಬೀದಿಯೂ ಸೇರುವ ಸರ್ಕಲ್ಲು. ಅದರ ಕಥೆ ಹೇಳುತ್ತೇನೆ. ಕಥೆ ಅಂಗಡಿಯಿಂದ ಶುರುವಾಗುವುದಿಲ್ಲ, ಅದಕ್ಕೂ ಎಂಬತ್ತು ವರ್ಷ ಹಿಂದೆ ಹೋಗಬೇಕು.

1930ರ ದಶಕದಲ್ಲಿ ಆ ಸರ್ಕಲ್ಲು ಷಿಕಾಗೋದ ಎರಡನೇ ಪೇಟೆ. ನಗರದ ನಡುಮಧ್ಯದ ಪೇಟೆ ಬಿಟ್ಟರೆ ಅಷ್ಟು ದೊಡ್ಡ ವ್ಯಾಪಾರ ಇನ್ನೊಂದು ಕಡೆ ಇರಲಿಲ್ಲ. 1934ರಲ್ಲಿ ಸಿಯರ್ಸ್ ಕಂಪನಿ ಅಲ್ಲಿ ಕಿಟಕಿಯೇ ಇಲ್ಲದ ಭಾರಿ ಮಳಿಗೆ ಕಟ್ಟಿತು. ಆಗ ಅದೊಂದು ಹೊಸ ಬೆರಗು. ಬಡಾವಣೆಯಲ್ಲಿ ಇದ್ದವರು ಬಹುತೇಕ ಐರಿಷ್, ಜರ್ಮನ್, ಸ್ವೀಡಿಷ್ ಮೂಲದ ಬಿಳಿಯರು.

ಅದೇ ಕಾಲಕ್ಕೆ ಅಮೆರಿಕದ ದಕ್ಷಿಣದ ಹತ್ತಿ ಹೊಲಗಳಿಂದ ಕಪ್ಪು ಜನ ಉತ್ತರದ ನಗರಗಳಿಗೆ ಗುಳೆ ಬರುತ್ತಿದ್ದರು. 1916ರ ಸುಮಾರಿನಿಂದ 1970ರವರೆಗೆ ಹೀಗೆ ಊರು ಬಿಟ್ಟವರು ಸುಮಾರು 60 ಲಕ್ಷ. ಮಿಸಿಸಿಪ್ಪಿ ರಾಜ್ಯದಿಂದ ರೈಲು ಹತ್ತಿದವರು ನೇರ ಷಿಕಾಗೋದಲ್ಲಿ ಇಳಿಯುತ್ತಿದ್ದರು. ನಮ್ಮ ರಾಯಚೂರು, ಕಲಬುರಗಿ ಕಡೆಯವರು ಬೆಂಗಳೂರಿಗೆ ಬಂದು ಇಳಿಯುವ ಹಾಗೇ ಅಂದುಕೊಳ್ಳಿ. ವ್ಯತ್ಯಾಸ ಏನೆಂದರೆ, ಅವರು ಎಲ್ಲಿ ಮನೆ ಮಾಡಬಹುದು ಅನ್ನುವುದಕ್ಕೆ ಬೇಲಿ ಹಾಕಿದ್ದರು. ಕಪ್ಪು ಜನರಿಗೆ ಮನೆ ಮಾರಬಾರದು ಅಂತ ಕ್ರಯಪತ್ರದಲ್ಲೇ ಬರೆಯುತ್ತಿದ್ದರು. ಇಂಥ ಷರತ್ತನ್ನು ಕೋರ್ಟು ಎತ್ತಿ ಹಿಡಿಯುವಂತಿಲ್ಲ ಅಂತ ಅಮೆರಿಕದ ಸುಪ್ರೀಂ ಕೋರ್ಟು ಹೇಳಿದ್ದು 1948ರಲ್ಲಿ.

ಬೇಲಿ ಸಡಿಲವಾದ ಮೇಲೆ ದಲ್ಲಾಳಿಗಳ ಆಟ ಶುರುವಾಯಿತು. ಬಿಳಿಯರ ಬಾಗಿಲು ಬಡಿದು, 'ಕಪ್ಪು ಜನ ಬರ್ತಿದಾರೆ, ರೇಟು ಬಿದ್ದುಹೋಗುತ್ತೆ, ಈಗಲೇ ಮಾರಿ' ಅಂತ ಹೆದರಿಸಿ ಕಡಿಮೆಗೆ ಕೊಳ್ಳುವುದು. ಅದೇ ಮನೆಯನ್ನು ಕಪ್ಪು ಕುಟುಂಬಕ್ಕೆ ದುಪ್ಪಟ್ಟು ಹೇಳಿ ಕಂತಿನ ಕರಾರಿನ ಮೇಲೆ ಕೊಡುವುದು. ಸರ್ಕಾರಿ ನಕ್ಷೆಯಲ್ಲಿ ಆ ಬಡಾವಣೆಗಳಿಗೆ ಕೆಂಪು ಬಣ್ಣ ಬಳಿದಿದ್ದರಿಂದ ಬ್ಯಾಂಕು ಸಾಲ ಕೊಡುತ್ತಿರಲಿಲ್ಲ, ಹಾಗಾಗಿ ಕರಾರಿಗೆ ಒಪ್ಪದೆ ವಿಧಿಯಿಲ್ಲ. ಒಂದು ಕಂತು ತಪ್ಪಿದರೆ ಮನೆಯೂ ಹೋಯಿತು, ಅಲ್ಲಿವರೆಗೆ ಕಟ್ಟಿದ ದುಡ್ಡೂ ಹೋಯಿತು. ಖಾಲಿಯಾದ ಮನೆಯನ್ನು ಮತ್ತೊಬ್ಬರಿಗೆ ಮಾರಾಟ. ಮೀಟರ್ ಬಡ್ಡಿಯ ಕಾಟ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಇಪ್ಪತ್ತು ವರ್ಷದೊಳಗೆ ಬಿಳಿಯರು ಬಡಾವಣೆ ಬಿಟ್ಟು ಹೋದರು. ಅವರ ಹಿಂದೆ ಅಂಗಡಿಗಳು ಹೋದವು. ಸಿಯರ್ಸ್ 1970ರ ದಶಕದಲ್ಲಿ ಬಾಗಿಲು ಹಾಕಿತು. ಆಮೇಲೆ ಕಾರ್ಖಾನೆ ಕೆಲಸಗಳು ಹೋದವು, ಅನುಕೂಲ ಇದ್ದ ಕಪ್ಪು ಕುಟುಂಬಗಳೂ ಹೋದವು. 1960ರಲ್ಲಿ ಎಂಗಲ್‌ವುಡ್‌ನ ಜನಸಂಖ್ಯೆ ಸುಮಾರು 97 ಸಾವಿರ. 2020ರ ಜನಗಣತಿಯಲ್ಲಿ ಸುಮಾರು 24 ಸಾವಿರ. ಈ ಎರಡು ಅಂಕಿ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಈಗ ಅಂಗಡಿಯ ಕಡೆ ಬರೋಣ.

ಹೋಲ್ ಫುಡ್ಸ್ ಅನ್ನುವ ಕಂಪನಿ ಹುಟ್ಟಿದ್ದು ಟೆಕ್ಸಾಸ್ ರಾಜ್ಯದ ಆಸ್ಟಿನ್ ನಗರದಲ್ಲಿ. 1978ರಲ್ಲಿ ಜಾನ್ ಮ್ಯಾಕಿ ಮತ್ತು ರೆನೆ ಲಾಸನ್ ಹಾರ್ಡಿ ಎಂಬ ಇಬ್ಬರು ಹರೆಯದವರು ಒಂದು ಸಣ್ಣ ಸಸ್ಯಾಹಾರಿ ಅಂಗಡಿ ತೆರೆದಿದ್ದರು. 1980ರಲ್ಲಿ ಇನ್ನೊಂದು ಅಂಗಡಿಯ ಜೊತೆ ಸೇರಿ ಹೋಲ್ ಫುಡ್ಸ್ ಆಯಿತು. ಮೊದಲು ಇದ್ದ ನೌಕರರು 19 ಜನ. ಮರುವರ್ಷವೇ ಆಸ್ಟಿನ್‌ನಲ್ಲಿ ಭಾರಿ ಪ್ರವಾಹ ಬಂದು ಅಂಗಡಿಯ ಮಾಲೆಲ್ಲ ಹಾಳಾದಾಗ ಗಿರಾಕಿಗಳೇ ಬಂದು ಕೆಸರು ಬಳಿದರಂತೆ. ಅಲ್ಲಿಂದ ಬೆಳೆಯುತ್ತಾ ಹೋಗಿ ದೇಶದ ತುಂಬಾ ನೂರಾರು ಮಳಿಗೆಗಳಾದವು. ಬೆಳೆದಷ್ಟೂ ಬೆಲೆಯೂ ಹೆಸರಾಯಿತು. ಇಡೀ ಸಂಬಳ ನುಂಗುವ ಅಂಗಡಿ ಅಂತ ಜನ ಅದಕ್ಕೆ ಅಡ್ಡಹೆಸರು ಇಟ್ಟರು. ಅದು ಮಳಿಗೆ ತೆರೆದ ಕಡೆ ಸುತ್ತಲ ಮನೆಗಳ ಬೆಲೆ ಏರುತ್ತದೆ ಅನ್ನುವ ಮಾತೂ ಹುಟ್ಟಿತು.

ಆ ಮಾತಿನ ಬಿಸಿ ಮೊದಲು ಜೋರಾಗಿ ತಟ್ಟಿದ್ದು ಬಾಸ್ಟನ್ನಿನ ಜಮೈಕಾ ಪ್ಲೇನ್ ಬಡಾವಣೆಯಲ್ಲಿ. ಅಲ್ಲಿ ಹೈ-ಲೋ ಅನ್ನುವ ಹಳೆಯ ದಿನಸಿ ಅಂಗಡಿ ಇತ್ತು. ಕ್ಯೂಬಾ, ಡೊಮಿನಿಕನ್ ಮುಂತಾದ ಕಡೆಯಿಂದ ಬಂದವರಿಗೆ ಬೇಕಾದ ಬಾಳೆಕಾಯಿ, ಗೆಡ್ಡೆ, ಕಾಳು ಅಲ್ಲೇ ಅಗ್ಗಕ್ಕೆ ಸಿಗುತ್ತಿದ್ದವು. 2011ರಲ್ಲಿ ಅದು ಮುಚ್ಚಿ, ಅದೇ ಕಟ್ಟಡಕ್ಕೆ ಹೋಲ್ ಫುಡ್ಸ್ ಬಂತು. ಒಂದಷ್ಟು ಜನ ಬೀದಿಗಿಳಿದರು. ಅವರ ಸಿಟ್ಟು ಸೊಪ್ಪಿನ ಮೇಲಲ್ಲ. ನಾಳೆ ಬಾಡಿಗೆ ಏರಿದರೆ ನಾವು ಇಲ್ಲಿ ಇರುತ್ತೇವೋ ಇಲ್ಲವೋ ಅನ್ನುವ ಭಯ. ಅಂಗಡಿ ಚೆನ್ನಾಗಿ ನಡೆದರೆ ಬಡವರಿಗೆ ಲಾಭ ಅಂತ ನಾವು ಅಂದುಕೊಳ್ಳುತ್ತೇವೆ. ಬಾಡಿಗೆ ಮನೆಯಲ್ಲಿ ಇರುವವರ ಲೆಕ್ಕ ಬೇರೆ.

2013ರ ಜೂನ್‌ನಲ್ಲಿ ಕಂಪನಿ ಡೆಟ್ರಾಯಿಟ್‌ನಲ್ಲಿ ಮಳಿಗೆ ತೆರೆಯಿತು. ಕಾರು ಕಾರ್ಖಾನೆಗಳು ಕುಸಿದು ದಿವಾಳಿ ಅಂಚಿಗೆ ಬಂದಿದ್ದ ನಗರ ಅದು. ದೇಶಮಟ್ಟದ ದೊಡ್ಡ ದಿನಸಿ ಕಂಪನಿಗಳು ಒಂದೊಂದಾಗಿ ಬಿಟ್ಟುಹೋಗಿದ್ದವು. ಅಲ್ಲಿ ಜನ ಬಂದರು, ವ್ಯಾಪಾರ ಅಂದಾಜಿಗಿಂತ ಚೆನ್ನಾಗಿತ್ತು. ಆದರೆ ಮಳಿಗೆ ಇದ್ದದ್ದು ವಿಶ್ವವಿದ್ಯಾಲಯ, ಆಸ್ಪತ್ರೆಗಳ ನಡುವೆ, ಸಂಬಳದ ಜನ ಓಡಾಡುವ ಜಾಗದಲ್ಲಿ. ಪತ್ರಕರ್ತೆ ಟ್ರೇಸಿ ಮ್ಯಾಕ್‌ಮಿಲನ್ ಆ ಮಳಿಗೆಯ ಬೆನ್ನುಹತ್ತಿ, ಬಡವರು ಅಲ್ಲಿ ನಿಜವಾಗಿ ಏನು ಕೊಳ್ಳುತ್ತಾರೆ ಅಂತ 2014ರಲ್ಲಿ ಉದ್ದನೆಯ ವರದಿ ಬರೆದರು. ವರದಿಗಾರಿಕೆ ಕಲಿಯುವವರು ಓದಬೇಕಾದ ಕೆಲಸ ಅದು. ಒಂದು ಅಂಗಡಿ, ಒಂದು ಪ್ರಶ್ನೆ, ತಿಂಗಳುಗಟ್ಟಲೆ ಓಡಾಟ. ನಮಗೆ ಒಂದು ಸುದ್ದಿಗೆ ಅರ್ಧ ದಿನ ಸಿಕ್ಕರೆ ಪುಣ್ಯ.

ಡೆಟ್ರಾಯಿಟ್ ತೆರೆದ ಮೂರೇ ತಿಂಗಳಿಗೆ, 2013ರ ಸೆಪ್ಟೆಂಬರ್‌ನಲ್ಲಿ, ಷಿಕಾಗೋ ಮೇಯರ್ ರಾಮ್ ಇಮ್ಯಾನುಯೆಲ್ ಮತ್ತು ಕಂಪನಿಯ ಮುಖ್ಯಸ್ಥರಲ್ಲೊಬ್ಬರಾದ ವಾಲ್ಟರ್ ರಾಬ್ ಇಬ್ಬರೂ ನಿಂತು, ಎಂಗಲ್‌ವುಡ್‌ಗೆ ಹೋಲ್ ಫುಡ್ಸ್ ಬರುತ್ತದೆ ಅಂತ ಘೋಷಿಸಿದರು. ಕೇಳಿದವರಲ್ಲಿ ಅರ್ಧ ಜನ ನಕ್ಕರು. ನೂರಕ್ಕೆ ನಲವತ್ತಕ್ಕೂ ಹೆಚ್ಚು ಜನ ಬಡತನ ರೇಖೆಯ ಕೆಳಗಿದ್ದ ಬಡಾವಣೆ, ಟೀವಿಯಲ್ಲಿ ಗುಂಡು ಹಾರಿದ ಸುದ್ದಿಗೆ ಮಾತ್ರ ಹೆಸರು ಬರುವ ಜಾಗ. ನಗರಾಡಳಿತ ಆ ವ್ಯಾಪಾರ ಸಂಕೀರ್ಣದ ಜಾಗ ಸಿದ್ಧಪಡಿಸಲು ತೆರಿಗೆ ಹಣದಿಂದ 1 ಕೋಟಿ 7 ಲಕ್ಷ ಡಾಲರ್ ಕೊಟ್ಟಿತು.

ಮೂರು ವರ್ಷ ತಯಾರಿ ನಡೆಯಿತು. 18 ಸಾವಿರ ಚದರಡಿಯ ಮಳಿಗೆ, ಕಂಪನಿಯ ಬೇರೆ ಮಳಿಗೆಗಳಿಗೆ ಹೋಲಿಸಿದರೆ ಸಣ್ಣದು. ಬೆಲೆ ಇತರ ಕಡೆಗಿಂತ ಕಡಿಮೆ ಇಡುತ್ತೇವೆ, ಕೆಲಸಕ್ಕೆ ಅಕ್ಕಪಕ್ಕದವರನ್ನು ತೆಗೆದುಕೊಳ್ಳುತ್ತೇವೆ, ಸ್ಥಳೀಯರು ಮಾಡಿದ ತಿನಿಸು, ಸಾಸ್ ಇತ್ಯಾದಿ ಇಡುತ್ತೇವೆ ಅಂತ ಮಾತು ಕೊಟ್ಟರು. 2016ರ ಸೆಪ್ಟೆಂಬರ್ 28ರಂದು ಬಾಗಿಲು ತೆರೆದಾಗ ಉದ್ದ ಸಾಲು ನಿಂತಿತ್ತು. ದಶಕಗಳ ಕಾಲ ಮುಚ್ಚುವ ಅಂಗಡಿಗಳನ್ನೇ ನೋಡಿದ್ದ ಜನರಿಗೆ ತೆರೆಯುವ ಅಂಗಡಿ ನೋಡುವುದೇ ಒಂದು ಹಬ್ಬ. ತಾಜಾ ಹಣ್ಣಿಗೆ, ಒಳ್ಳೆ ಸೊಪ್ಪಿಗೆ ಇನ್ನು ಬಸ್ಸು ಹಿಡಿದು ಬೇರೆ ಬಡಾವಣೆಗೆ ಹೋಗಬೇಕಿಲ್ಲ ಅನ್ನುವ ಸಮಾಧಾನ ಬೇರೆ.

ಮರುವರ್ಷ, 2017ರಲ್ಲಿ, ಅಮೆಜಾನ್ ಇಡೀ ಕಂಪನಿಯನ್ನು 1,370 ಕೋಟಿ ಡಾಲರ್‌ಗೆ ಕೊಂಡಿತು. ಎಂಗಲ್‌ವುಡ್‌ಗೆ ಮಾತು ಕೊಟ್ಟಿದ್ದ ರಾಬ್ ಅಷ್ಟರಲ್ಲಾಗಲೇ ಆ ಹುದ್ದೆಯಲ್ಲಿ ಇರಲಿಲ್ಲ. 2022ರ ಏಪ್ರಿಲ್ ಕೊನೆಗೆ ಒಂದು ಪ್ರಕಟಣೆ ಬಂತು. ದೇಶದಲ್ಲಿ ಆರು ಮಳಿಗೆ ಮುಚ್ಚುತ್ತೇವೆ, ಅದರಲ್ಲಿ ಎಂಗಲ್‌ವುಡ್ ಒಂದು. ನವೆಂಬರ್‌ನಲ್ಲಿ ಬಾಗಿಲು ಬಿತ್ತು. ಬಾಳಿದ್ದು ಆರು ವರ್ಷ.

'ನೋಡಿದ್ರಾ, ನಾನು ಹೇಳಲಿಲ್ವಾ' ಅಂತ ನಮ್ಮ ಸಭೆಯ ಹಿರಿಯರು ಇಲ್ಲಿ ಅನ್ನಬಹುದು. ಸ್ವಲ್ಪ ತಡೆಯಿರಿ ಯಜಮಾನರೇ.

ಮುಚ್ಚಿದ ಕಟ್ಟಡಕ್ಕೆ ಯಾರು ಬಂದರು ನೋಡಿ. ಸೇವ್ ಎ ಲಾಟ್. ಹೆಸರಿನಲ್ಲೇ ಉಳಿತಾಯ ಇರುವ ಅಗ್ಗದ ದಿನಸಿ ಅಂಗಡಿ. ಅದನ್ನು ನಡೆಸಲು ಬಂದ ಯೆಲ್ಲೋ ಬನಾನಾ ಎಂಬ ಕಂಪನಿಗೆ ಷಿಕಾಗೋದ ಆರು ಮಳಿಗೆ ರಿಪೇರಿ ಮಾಡಿಸಲು ನಗರಾಡಳಿತ 1 ಕೋಟಿ 35 ಲಕ್ಷ ಡಾಲರ್ ಕೊಡುವುದಾಗಿ ಒಪ್ಪಿತ್ತು. 'ಬಡವರು ಅಗ್ಗ ಇದ್ದ ಕಡೆ ಓಡುತ್ತಾರೆ' ಅನ್ನುವುದೇ ನಿಜವಾದರೆ ಎಂಗಲ್‌ವುಡ್ ಖುಷಿಪಡಬೇಕಿತ್ತು. ಆದದ್ದು ತದ್ವಿರುದ್ಧ. 2023ರಲ್ಲಿ ನಿವಾಸಿಗಳ ಸಂಘದವರು ಆ ಅಂಗಡಿ ಬೇಡ ಅಂತ ಪ್ರತಿಭಟನೆ ಮಾಡಿದರು. ನಮ್ಮನ್ನು ಕೇಳದೆ ತಂದಿದ್ದೀರಿ, ಇವರ ಬೇರೆ ಅಂಗಡಿಗಳ ಸ್ಥಿತಿ ನೋಡಿದ್ದೇವೆ, ನಮಗೆ ಬಾಡಿದ ಮಾಲು ಬೇಡ ಅನ್ನುವುದು ಅವರ ತಕರಾರು. ಉದ್ಘಾಟನೆ ಮುಂದಕ್ಕೆ ಹೋಗಿ, ಕೊನೆಗೆ 2024ರಲ್ಲಿ ಅಂಗಡಿ ತೆರೆಯಿತು.

ಅಗ್ಗದ ಅಂಗಡಿಗಳೂ ಆ ಕಡೆ ಗಟ್ಟಿಯಾಗಿ ನಿಂತಿಲ್ಲ. ಷಿಕಾಗೋದ ದಕ್ಷಿಣ ಭಾಗದಲ್ಲಿ ಟಾರ್ಗೆಟ್ ಕಂಪನಿ 2019ರಲ್ಲಿ ಎರಡು ಮಳಿಗೆ ಮುಚ್ಚಿತು. 2023ರ ಏಪ್ರಿಲ್‌ನಲ್ಲಿ ವಾಲ್‌ಮಾರ್ಟ್ ನಗರದ ನಾಲ್ಕು ಮಳಿಗೆ ಒಟ್ಟಿಗೆ ಮುಚ್ಚಿತು. ವಾಲ್‌ಮಾರ್ಟ್‌ಗಿಂತ ಅಗ್ಗ ಇನ್ನೇನಿದೆ? ಹಾಗಾಗಿ ಸಾವಯವ ಅನ್ನುವ ಬೋರ್ಡಿನ ಮೇಲೆ ಎಲ್ಲ ತಪ್ಪು ಹೊರಿಸಲು ಬರುವುದಿಲ್ಲ. 97 ಸಾವಿರ ಜನ ಇದ್ದ ಜಾಗದಲ್ಲಿ 24 ಸಾವಿರ ಉಳಿದರೆ ಅರ್ಧಕ್ಕಿಂತ ಹೆಚ್ಚು ಗಿರಾಕಿ ಇಲ್ಲವಾದಂತೆಯೇ. ನಮ್ಮೂರ ಸಂತೆ ಯಾಕೆ ಸೊರಗಿತು ಅಂತ ಕೇಳಿದರೆ ಎಲ್ಲರೂ ಮಾಲಿನ ಮಾತು ಆಡುತ್ತಾರೆ, ಊರು ಬಿಟ್ಟುಹೋದವರ ಲೆಕ್ಕ ಯಾರೂ ಹಾಕುವುದಿಲ್ಲ.

ಹಾಗಂತ ಬೆಲೆ ಮುಖ್ಯವಲ್ಲ ಅಂತ ನಾನು ಹೇಳುತ್ತಿಲ್ಲ. ಅಮೆರಿಕದಲ್ಲಿ ಬಡವರಿಗೆ ಸರ್ಕಾರದ ಮುಖ್ಯ ಆಹಾರ ನೆರವು ಅಕ್ಕಿ, ಗೋಧಿಯ ರೂಪದಲ್ಲಿ ಬರುವುದಿಲ್ಲ. ಆಹಾರಕ್ಕೆ ಮಾತ್ರ ಬಳಸಬಹುದಾದ ಹಣವನ್ನು ಒಂದು ಕಾರ್ಡಿಗೆ ಹಾಕುತ್ತದೆ. ಮೊದಲು ಕಾಗದದ ಕೂಪನ್ ಇತ್ತು, 1964ರ ಕಾಯಿದೆಯಿಂದ ಖಾಯಂ ಆಯಿತು. ಆ ಕಾರ್ಡು ಹೋಲ್ ಫುಡ್ಸ್‌ನಲ್ಲೂ ನಡೆಯುತ್ತದೆ. ಆದರೆ ಬಿಸಿಯಾಗಿ ತಯಾರಾದ ಊಟ ಅದರಲ್ಲಿ ಕೊಳ್ಳುವಂತಿಲ್ಲ. ಇಂಥ ಅಂಗಡಿಗಳ ದೊಡ್ಡ ಆಕರ್ಷಣೆಯೇ ಬಿಸಿ ಊಟದ ಕೌಂಟರು. ಎರಡು ಪಾಳಿ ದುಡಿದು ಬರುವ ತಾಯಿ ಅದರ ಮುಂದೆ ನಿಂತರೆ ಕಾರ್ಡು ಕೆಲಸಕ್ಕೆ ಬಾರದು. ಇನ್ನು ಕಾರ್ಡಿನ ದುಡ್ಡು ತಿಂಗಳ ಮೂರನೇ ವಾರಕ್ಕೇ ಖಾಲಿಯಾಗುವ ಮನೆಗಳು ಎಷ್ಟೋ.

ಇನ್ನೊಂದು ವಿಷಯ ನನಗೆ ಓದಿದಾಗ ಚುಚ್ಚಿತು. ಕೇಟ್ಲಿನ್ ಡೇನಿಯಲ್ ಎಂಬ ಸಮಾಜಶಾಸ್ತ್ರಜ್ಞೆ ಬಾಸ್ಟನ್ ಭಾಗದ ಬಡ ಮತ್ತು ಅನುಕೂಲಸ್ಥ ತಂದೆತಾಯಂದಿರ ಜೊತೆ ಮಾತಾಡಿ, ಅವರ ಜೊತೆ ಅಂಗಡಿಗೂ ಹೋಗಿ 2016ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಮಗು ಹೊಸ ತರಕಾರಿಯೊಂದನ್ನು ಇಷ್ಟಪಡಬೇಕಾದರೆ ಎಂಟು-ಹತ್ತು ಸಲ ತಟ್ಟೆಗೆ ಹಾಕಬೇಕು. ಅಷ್ಟು ಸಲವೂ ಅದು ಉಗುಳುತ್ತದೆ, ತರಕಾರಿ ತಿಪ್ಪೆಗೆ. ದುಡ್ಡಿದ್ದವರು ಆ ನಷ್ಟ ತಡೆದುಕೊಳ್ಳುತ್ತಾರೆ. ಇಲ್ಲದ ತಾಯಿ ಮಗು ಖಂಡಿತ ತಿನ್ನುವುದನ್ನೇ ಕೊಳ್ಳುತ್ತಾಳೆ. ಅದು ರುಚಿ ಗೊತ್ತಿಲ್ಲದ ದಡ್ಡತನವಲ್ಲ, ಪಕ್ಕಾ ಲೆಕ್ಕ. ಸಾವಯವ ಕ್ಯಾರೆಟ್ಟಿನ ಬೆಲೆ ಅಂದರೆ ಚೀಟಿಯ ಮೇಲಿರುವ ಬೆಲೆಯಷ್ಟೇ ಅಲ್ಲ, ಮಗು ಬಿಟ್ಟ ಹತ್ತು ಕ್ಯಾರೆಟ್ಟಿನ ಬೆಲೆಯೂ ಸೇರಿಕೊಂಡಿರುತ್ತದೆ.

ಅಂಗಡಿ ತೆರೆದ ಮಾತ್ರಕ್ಕೆ ಊಟ ಬದಲಾಗುವುದಿಲ್ಲ ಅನ್ನುವುದೂ ಗೊತ್ತಾಗಿದೆ. ಫಿಲಡೆಲ್ಫಿಯಾದ ಬಡ ಬಡಾವಣೆಯೊಂದರಲ್ಲಿ ಹೊಸ ಸೂಪರ್ ಮಾರ್ಕೆಟ್ ಬಂದಾಗ ಅದನ್ನೇ ಮುಖ್ಯ ಅಂಗಡಿ ಮಾಡಿಕೊಂಡವರು ನಾಲ್ಕರಲ್ಲಿ ಒಬ್ಬರಿಗಿಂತ ತುಸು ಹೆಚ್ಚು. ಹಣ್ಣು, ತರಕಾರಿ ತಿನ್ನುವುದರಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಕಾಣಲಿಲ್ಲ ಅಂತ 2014ರಲ್ಲಿ ಬಂದ ಅಧ್ಯಯನ ಹೇಳುತ್ತದೆ. 2019ರಲ್ಲಿ ಅರ್ಥಶಾಸ್ತ್ರಜ್ಞರ ಒಂದು ತಂಡ ದೇಶದ ಸಾವಿರಾರು ಮನೆಗಳ ಖರೀದಿ ಚೀಟಿಗಳನ್ನು ಜಾಲಾಡಿ ನೋಡಿತು. ಬಡವರ ಮತ್ತು ಸಿರಿವಂತರ ಊಟದ ಪೌಷ್ಟಿಕತೆಯ ಅಂತರದಲ್ಲಿ ಅಂಗಡಿಗಳ ಕೊರತೆಯ ಪಾಲು ಸುಮಾರು ಹತ್ತನೇ ಒಂದು ಭಾಗ ಮಾತ್ರ. ಹತ್ತಿರ ಅಂಗಡಿ ಇಲ್ಲದಿದ್ದಾಗಲೂ ಜನ ಹೇಗೋ ದೂರದ ದೊಡ್ಡ ಅಂಗಡಿಗೆ ಹೋಗಿ ತರುತ್ತಿದ್ದರು. ಹತ್ತಿರ ಬಂದಾಗ ಇಲ್ಲಿ ತಂದರು, ಅಷ್ಟೇ.

ಆದರೆ 'ಅವರಿಗೆ ಬೇಕಾಗಿಲ್ಲ' ಅನ್ನುವ ತೀರ್ಮಾನಕ್ಕೆ ಇದರಿಂದ ಹಾರಬಾರದು. ಹಾರದಂತೆ ನನ್ನನ್ನು ತಡೆದದ್ದು ಅದೇ ಎಂಗಲ್‌ವುಡ್. ಹೋಲ್ ಫುಡ್ಸ್ ಬರುವುದಕ್ಕೆ ಎಷ್ಟೋ ವರ್ಷ ಮೊದಲೇ, 2000ದ ದಶಕದಲ್ಲಿ, ವುಡ್ ಬೀದಿಯ ಖಾಲಿ ಸೈಟುಗಳಲ್ಲಿ ಗ್ರೋಯಿಂಗ್ ಹೋಮ್ ಎಂಬ ಸಂಸ್ಥೆ ಸಾವಯವ ತೋಟ ಶುರುಮಾಡಿತ್ತು. ಜೈಲಿನಿಂದ ಬಂದವರಿಗೆ, ಮನೆ ಇಲ್ಲದವರಿಗೆ ಅಲ್ಲಿ ಕೆಲಸ ಕಲಿಸುತ್ತಾರೆ. ಸಾವಯವ ಪ್ರಮಾಣಪತ್ರ ಪಡೆದ ತೋಟ ಅದು. ಅವರು ಬೆಳೆದದ್ದು ನಗರದ ಉತ್ತರದ ಸಿರಿವಂತರ ಸಂತೆಗೂ ಹೋಗುತ್ತಿತ್ತು, ತೋಟದ ಬಾಗಿಲಲ್ಲೇ ನೆರೆಯವರಿಗೂ ಮಾರುತ್ತಿದ್ದರು.

ಇನ್ನೂ ಹಿಂದಕ್ಕೆ ಹೋದರೆ, ಷಿಕಾಗೋದ ದಕ್ಷಿಣ ಭಾಗದ 75ನೇ ಬೀದಿಯಲ್ಲಿ ಕಪ್ಪು ಜನರೇ ನಡೆಸುವ ಸಸ್ಯಾಹಾರಿ ಹೋಟೆಲೊಂದು 1980ರ ದಶಕದ ಆರಂಭದಿಂದ ಇದೆ. ಹೋಲ್ ಫುಡ್ಸ್ ಷಿಕಾಗೋಗೆ ಕಾಲಿಡುವ ಮೊದಲಿನ ಮಾತು. ಅದಕ್ಕೂ ಮೊದಲು, 1969ರಲ್ಲಿ, ಮಿಸಿಸಿಪ್ಪಿಯಲ್ಲಿ ಫ್ಯಾನಿ ಲೂ ಹೇಮರ್ ಎಂಬ ಹೋರಾಟಗಾರ್ತಿ ಕೂಲಿ ಕುಟುಂಬಗಳಿಗಾಗಿ ಸಹಕಾರಿ ತೋಟ ಕಟ್ಟಿದ್ದರು. ಅವರದೇ ಸೊಪ್ಪು, ಅವರದೇ ಕಾಳು. ಗಿರಾಕಿಗಳು ಮುಂಗಡ ಕೊಟ್ಟು ರೈತನಿಂದ ನೇರ ಕೊಳ್ಳುವ ಪದ್ಧತಿಯನ್ನು ಸಣ್ಣ ರೈತರಿಗೆ ಹೇಳಿಕೊಟ್ಟವರಲ್ಲಿ ಅಲಬಾಮಾದ ಕಪ್ಪು ಕೃಷಿ ಪ್ರಾಧ್ಯಾಪಕ ಬೂಕರ್ ವಾಟ್ಲಿ ಪ್ರಮುಖರು. ಎಂಗಲ್‌ವುಡ್‌ನ ಅಜ್ಜಿಯರು ಬಂದದ್ದು ಈ ನೆಲಗಳಿಂದ. ಗೊಬ್ಬರದ ಗುಂಡಿ ನೋಡಿ ಬೆಳೆದವರಿಗೆ ಒಳ್ಳೆ ಸೊಪ್ಪು ಯಾವುದು ಅಂತ ಕಂಪನಿಯ ಬೋರ್ಡು ಹೇಳಬೇಕಿರಲಿಲ್ಲ.

ಹಾಗಾದರೆ ಬಡವರ ನಡುವೆ ನಿಂತ ಅಂಗಡಿ ಇಲ್ಲವೇ ಇಲ್ಲವೇ? ಇವೆ, ಸಣ್ಣವು. ಕ್ಯಾಲಿಫೋರ್ನಿಯಾದ ವೆಸ್ಟ್ ಓಕ್ಲೆಂಡ್‌ನಲ್ಲಿ ಮೆಟ್ರೊ ಸ್ಟೇಷನ್ನಿನ ಎದುರು 2009ರಲ್ಲಿ ಮಂಡೇಲಾ ಗ್ರೋಸರಿ ಎಂಬ ಅಂಗಡಿ ಶುರುವಾಯಿತು. ಅಲ್ಲಿ ಕೆಲಸ ಮಾಡುವವರೇ ಮಾಲೀಕರು. ಹತ್ತಿರದ ಸಣ್ಣ ರೈತರ ಮಾಲು ತರುತ್ತಾರೆ. ಎಂಗಲ್‌ವುಡ್ ಮಳಿಗೆಗಿಂತ ಏಳು ವರ್ಷ ಮೊದಲು ಹುಟ್ಟಿ, ಅದು ಮುಚ್ಚಿದಾಗಲೂ ಇದು ತೆರೆದಿತ್ತು. ಡೆಟ್ರಾಯಿಟ್‌ನಲ್ಲಿ ಕಪ್ಪು ಜನರ ಆಹಾರ ಸಂಘಟನೆಯೊಂದು ಮೊದಲು ನಗರದೊಳಗೇ ತೋಟ ಮಾಡಿ, ಆಮೇಲೆ ವರ್ಷಗಟ್ಟಲೆ ಮನೆಮನೆಗೆ ಹೋಗಿ ಷೇರು ಸೇರಿಸಿ, 2024ರಲ್ಲಿ ಡೆಟ್ರಾಯಿಟ್ ಪೀಪಲ್ಸ್ ಫುಡ್ ಕೋ-ಆಪ್ ತೆರೆಯಿತು. ಷೇರುದಾರರು ಸಾವಿರಾರು ಜನ. ಅದೇ ನಗರದಲ್ಲಿ ಹೋಲ್ ಫುಡ್ಸ್ ಬರಲು ಘೋಷಣೆಯಿಂದ ಉದ್ಘಾಟನೆಗೆ ಎರಡು ವರ್ಷ ಸಾಕಾಗಿತ್ತು. ಇವರಿಗೆ ಹಿಡಿದದ್ದು ಹತ್ತು ವರ್ಷಕ್ಕೂ ಹೆಚ್ಚು.

ಇಂಥದ್ದು ನಮಗೆ ತೀರಾ ಹೊಸದೇನಲ್ಲ. ಬೆಂಗಳೂರಿನಲ್ಲಿ ದ್ರಾಕ್ಷಿ ಬೆಳೆಗಾರರ ಸಂಘವಾಗಿ 1959ರಲ್ಲಿ ಹುಟ್ಟಿದ್ದೇ ಮುಂದೆ ಹಾಪ್‌ಕಾಮ್ಸ್ ಆಯಿತು. ಅದರ ಗೂಡಂಗಡಿಗಳಲ್ಲಿ ಸಾವಯವ ಬೋರ್ಡು ಇರಲಿಲ್ಲ, ಆದರೆ ಬೆಳೆದವರ ಸಂಘದ ಅಂಗಡಿ ಸಾಧಾರಣ ಜನರ ಬೀದಿಯಲ್ಲಿ ನಿಲ್ಲಬಲ್ಲದು ಅಂತ ತೋರಿಸಿತು. ಗಾಜಿನ ಬಾಗಿಲು ಇಲ್ಲ, ಏಸಿ ಇಲ್ಲ. ಕಾಲು ಕೆ.ಜಿ. ಬೀನ್ಸ್ ಕೇಳಿದರೆ ಯಾರೂ ಮುಖ ನೋಡುವುದಿಲ್ಲ.

ಇದನ್ನೆಲ್ಲ ಓದಿದ ಮೇಲೆ ಆ ಸಭೆಯ ಅಕ್ಕನಿಗೆ ಫೋನ್ ಮಾಡಿದ್ದೆ. ಎಂಗಲ್‌ವುಡ್ ಕಥೆ ಹೇಳಿದೆ. ಅವರಿಗೆ ಅಮೆರಿಕಕ್ಕಿಂತ ಹೆಚ್ಚಾಗಿ ಬೇಕಾಗಿದ್ದದ್ದು ಒಂದೇ ವಿವರ. 'ಅಲ್ಲ ತಮ್ಮಾ, ಅಂಗಡಿ ಇಡೋಕೆ ಮುಂಚೆ ಅಲ್ಲಿ ಇರೋ ಹೆಂಗಸರನ್ನ ಯಾರಾದ್ರೂ ಕೇಳಿದ್ರಾ, ವಾರಕ್ಕೆ ಎಷ್ಟು ತರಕಾರಿ ಬೇಕು, ಯಾವತ್ತು ದುಡ್ಡು ಬರುತ್ತೆ ಅಂತ?' ಹೋಲ್ ಫುಡ್ಸ್‌ನವರು ಸಭೆಗಳನ್ನು ಮಾಡಿದ್ದರು, ಸೇವ್ ಎ ಲಾಟ್ ವಿಷಯದಲ್ಲಿ ನಮ್ಮನ್ನು ಕೇಳಲಿಲ್ಲ ಅಂತ ಜನ ಸಿಟ್ಟಾದರು ಅಂತ ಗೊತ್ತಿದ್ದಷ್ಟು ಹೇಳಿದೆ. ಗಾರ್ಮೆಂಟ್ಸ್‌ನಲ್ಲಿ ಸಂಬಳ ಏಳನೇ ತಾರೀಕು ಆಗುತ್ತದಂತೆ. ಎಂಟನೇ ತಾರೀಕು ಸಂಜೆ ಫ್ಯಾಕ್ಟರಿ ಗೇಟಿನ ಹತ್ತಿರ ಒಂದು ಟೆಂಪೊ ನಿಲ್ಲಿಸಿ, ಒಂದು ಕೆ.ಜಿ. ರಾಗಿ ಹಿಟ್ಟಿನ ಪ್ಯಾಕೆಟ್ಟು, ಐದು ರೂಪಾಯಿಯ ಸೊಪ್ಪಿನ ಕಟ್ಟು ಮಾರಿ ನೋಡುತ್ತಾರಂತೆ. ಹಿರಿಯರು ಬರುವುದಿಲ್ಲ ಅಂದಿದ್ದಾರೆ. ಟೆಂಪೊ ಬಾಡಿಗೆ ಅರ್ಧ ಕೊಡುತ್ತೇನೆ ಅಂದಿದ್ದಾರೆ.